ದೇಶವ್ರತವೂ ಗಣಕಯಂತ್ರದ ಎಲ್ಲೆಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದೇಶವ್ರತವೂ ಒಂದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಇದನ್ನು ಗುಣವ್ರತಗಳೊಡನೆ ಹೇಳಿದರೆ, ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದೇಶಾವಕಾಶಿಕವೆಂಬ ಹೆಸರಿನಿಂದ ಶಿಕ್ಷಾವ್ರತಗಳಲ್ಲಿ ಸೇರಿಸಿದ್ದಾರೆ. ದಿಗ್ವ್ರತದಲ್ಲಿ ಜೀವನಪರ್ಯಂತ ಹಾಕಿಕೊಂಡ ವಿಶಾಲವಾದ ಎಲ್ಲೆಯನ್ನು ನಿಯತಕಾಲಕ್ಕೆ ಒಂದು ಊರು, ಒಂದು ಬೀದಿ, ಒಂದು ಮನೆಯಷ್ಟಕ್ಕೆ ಕುಗ್ಗಿಸಿಕೊಳ್ಳುವುದೇ ಇದರ ಸ್ವರೂಪ. ಹೋಗಬಲ್ಲವನು ಹೋಗದೆ ನಿಂತಾಗ, ಎಲ್ಲೆಯಾಚೆ ಅವನಿಂದ ಆಗಬಹುದಾಗಿದ್ದ ಹಿಂಸೆ ತಪ್ಪುತ್ತದೆ.

ಇಂದು ನಮ್ಮ ಮನೆಗಳ, ಬಸದಿ ಟ್ರಸ್ಟುಗಳ ಗಣಕಯಂತ್ರಗಳಲ್ಲಿ ದಾನಿಗಳ ವಿಳಾಸ, ವಧೂವರರ ಜಾತಕ, ಆಧಾರ್ ಪ್ರತಿ, ಲೆಕ್ಕಪತ್ರ ಎಲ್ಲವೂ ಇವೆ. ಸಾಮಾನ್ಯ ಏರ್ಪಾಟಿನಲ್ಲಿ ನಾವು ನಡೆಸುವ ತಂತ್ರಾಂಶವು ನಮ್ಮ ಹೆಸರಿನಲ್ಲಿಯೇ ಕೆಲಸ ಮಾಡುತ್ತದೆ. ನಾವು ತೆರೆಯಬಲ್ಲ ಕಡತಗಳನ್ನೆಲ್ಲ ಅದೂ ತೆರೆಯಬಲ್ಲದು. ರಸೀದಿ ಮುದ್ರಿಸಲು ತಂದ ತಂತ್ರಾಂಶಕ್ಕೆ ಜಾತಕಗಳು ಬೇಕಿಲ್ಲ. ಆದರೂ ಅದರ ಕೈ ಅಲ್ಲಿಗೆ ಎಟುಕುತ್ತದೆ. ಕಾರ್ಯಕ್ಕೆ ಬೇಕಾದಷ್ಟೇ ಅಧಿಕಾರವನ್ನು ಕೊಡಬೇಕೆಂಬ ತತ್ತ್ವವನ್ನು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1975ರಲ್ಲಿಯೇ ಪ್ರತಿಪಾದಿಸಿದ್ದರು.

ಇದಕ್ಕೆ ಉಪಾಯವೂ ಇದೆ. ಒಂದು ಕೋಶವನ್ನೇ ಇಡೀ ಜಗತ್ತೆಂದು ತಂತ್ರಾಂಶಕ್ಕೆ ತೋರಿಸುವ ಕ್ರಮವು 1979ರ ಯುನಿಕ್ಸ್ ಆವೃತ್ತಿಯಲ್ಲಿಯೇ ಇತ್ತು. 2000ದಲ್ಲಿ ಫ್ರೀಬಿಎಸ್‌ಡಿ ಅದನ್ನು ಬಲಪಡಿಸಿತು. 2013ರಲ್ಲಿ ಬಂದ ಡಾಕರ್ ಇಂತಹ ಪ್ರತ್ಯೇಕ ಕೋಣೆಗಳನ್ನು ಕಂಟೇನರ್ ಎಂಬ ಹೆಸರಿನಿಂದ ಬಳಕೆಗೆ ತಂದಿತು. ಕೋಣೆಯೊಳಗಿನ ತಂತ್ರಾಂಶಕ್ಕೆ ನಾವು ಒಳಗಿಟ್ಟ ಕಡತಗಳು ಮಾತ್ರ ಕಾಣುತ್ತವೆ; ಕೆಲಸ ಮುಗಿದ ಮೇಲೆ ಕೋಣೆಯನ್ನೇ ಅಳಿಸಬಹುದು.

ಇದು ಅಪನಂಬಿಕೆಯಲ್ಲವೇ, ಕಾಣದವನನ್ನು ಕಳ್ಳನೆಂದು ಭಾವಿಸಿದಂತಲ್ಲವೇ ಎಂದು ಕೆಲವರು ಕೇಳಬಹುದು. ವಿಶ್ವಾಸವೇ ಮೂಲಧನವಾದ ವ್ಯಾಪಾರಿ ಸಮಾಜದಲ್ಲಿ ಈ ಪ್ರಶ್ನೆ ಸಹಜ. ಆದರೆ ನಮ್ಮ ಧರ್ಮವು ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳಿಂದಲೂ ಕರ್ಮಾಸ್ರವವಾಗುತ್ತದೆಂದು ಹೇಳುತ್ತದೆ. ತಂತ್ರಾಂಶವು ಜೀವವಲ್ಲ, ಅದು ವ್ರತ ಹಿಡಿಯಲಾರದು. ಅದನ್ನು ನಡೆಸುವವರು ನಾವು. ನಮ್ಮ ಪ್ರಮಾದದಿಂದ ಅದು ಎಸಗುವ ಹಾನಿ ನಮ್ಮ ಪಾಲಿಗೆ ಕಾರಿತ. ಆದ್ದರಿಂದ ಅದಕ್ಕೆ ಎಳೆಯುವ ಗೆರೆಯು ಮತ್ತೊಬ್ಬನ ಮೇಲಿನ ಸಂಶಯವಲ್ಲ, ನಮಗೆ ನಾವೇ ಹಾಕಿಕೊಳ್ಳುವ ನಿಯಮ. ಅಲ್ಲದೆ ಆ ಕಡತಗಳು ನಮ್ಮ ಸೊತ್ತೂ ಅಲ್ಲ. ಪರರು ನಂಬಿ ಒಪ್ಪಿಸಿದ ನ್ಯಾಸ. ನಮ್ಮದನ್ನು ಉದಾರವಾಗಿ ತೆರೆದಿಡಬಹುದು, ಪರರ ನ್ಯಾಸವನ್ನು ತೆರೆದಿಡುವುದು ಔದಾರ್ಯವೆನಿಸದು.

ಗೆರೆ ಎಳೆದ ಮಾತ್ರಕ್ಕೆ ವ್ರತವು ಪೂರ್ಣವಾಗದು. ದೇಶವ್ರತಕ್ಕೆ ಸೂತ್ರಕಾರರು ಐದು ಅತಿಚಾರಗಳನ್ನು ಹೇಳಿದ್ದಾರೆ: ಎಲ್ಲೆಯಾಚೆಯ ವಸ್ತುವನ್ನು ತರಿಸುವುದು, ಆಳನ್ನು ಕಳುಹಿಸುವುದು, ಶಬ್ದದಿಂದ ಸೂಚಿಸುವುದು, ರೂಪ ತೋರಿ ಸೂಚಿಸುವುದು, ಮಣ್ಣಿನ ಹೆಂಟೆ ಮುಂತಾದುದನ್ನು ಎಸೆದು ಸೂಚಿಸುವುದು. ಕಂಟೇನರ್ ಕೂಡ ಹೀಗೆಯೇ ಭಂಗವಾಗುತ್ತದೆ. ಅನುಕೂಲಕ್ಕೆಂದು ಕಡತಗಳ ಇಡೀ ಭಂಡಾರವನ್ನೇ ಒಳಗೆ ಜೋಡಿಸಿದರೆ ಅದು ಮೊದಲನೆಯದು. ಹೊರಗಿನ ಡಾಕರ್ ಸೇವೆಗೆ ಆಜ್ಞೆ ಕೊಡುವ ದಾರಿಯನ್ನು ಒಳಗೆ ಬಿಟ್ಟರೆ ಅದು ಎರಡನೆಯದು. ಅಂತರ್ಜಾಲದ ದ್ವಾರವನ್ನು ಅಕಾರಣ ತೆರೆದಿಟ್ಟರೆ, ಒಳಗಿದ್ದುದನ್ನು ಆಚೆಗೆ ಎಸೆಯಲು ಎಡೆ ಸಿಕ್ಕಂತೆ. ಮೇಲಾಗಿ ಎಲ್ಲ ಕೋಣೆಗಳಿಗೂ ತಳದಲ್ಲಿರುವ ಕರ್ನೆಲ್ ಒಂದೇ. ಕಂಟೇನರ್ ಹಗುರವಾಗಿರುವುದಕ್ಕೆ ಅದೇ ಕಾರಣ, ಅದರ ದೌರ್ಬಲ್ಯಕ್ಕೂ ಅದೇ ಕಾರಣ. ಕಂಟೇನರ್‌ಗಳನ್ನು ನಡೆಸುವ ರನ್‌ಸಿ ಎಂಬ ಸಾಧನದಲ್ಲಿ 2019ರಲ್ಲಿ ಬೆಳಕಿಗೆ ಬಂದ ದೋಷವು, ಒಳಗಿನ ತಂತ್ರಾಂಶ ಗೋಡೆ ದಾಟಬಹುದೆಂಬುದನ್ನು ತೋರಿಸಿತು. ವ್ರತಕ್ಕೆ ಪ್ರತಿಕ್ರಮಣವಿರುವಂತೆ ಇದಕ್ಕೂ ನಿಯತವಾದ ಪರಿಶೀಲನೆ, ಪರಿಷ್ಕರಣೆ ಬೇಕು.

ಟ್ರಸ್ಟಿನ ಪದಾಧಿಕಾರಿಗಳು ಹೊಸ ತಂತ್ರಾಂಶವನ್ನು ತರುವಾಗ ಅದರ ಬೆಲೆಯನ್ನು ವಿಚಾರಿಸುತ್ತಾರೆ. ಅದು ಯಾವ ಕಡತವನ್ನು ಕಾಣಬೇಕು, ಎಷ್ಟು ಕಾಲ ಕಾಣಬೇಕು ಎಂಬುದನ್ನೂ ಬಲ್ಲವರಲ್ಲಿ ವಿಚಾರಿಸಿ ನಡಾವಳಿಯಲ್ಲಿ ಬರೆದಿಡಲಿ. ಪರಿಮಾಣವಿಲ್ಲದ ಪರಿಗ್ರಹದಂತೆ ಪರಿಮಾಣವಿಲ್ಲದ ಅಧಿಕಾರವೂ ಹಿಂಸೆಗೆ ಮೂಲವಾದೀತು.