ಸಂದೇಹ–ಸಮಾಧಾನ: ನಾಯಿ ಒಳಗೆ ಮೂತ್ರ ಮಾಡಿದರೆ ಪೂಜೆ ಸಲ್ಲುವುದಿಲ್ಲವೇ?

ಪ್ರಶ್ನೆ: ನಮ್ಮ ಮಾವನವರು ಸಾಕಿದ ನಾಯಿಗೆ ಈಗ 12 ವರ್ಷ. ಮಾವನವರು ಹೋದ ವರ್ಷ ಲಿಂಗೈಕ್ಯರಾದರು. 2 ತಿಂಗಳಿಂದ ನಾಯಿ ಪಡಸಾಲೆಯಲ್ಲಿ, ಒಮ್ಮೊಮ್ಮೆ ದೇವರ ಜಗಲಿ ಮುಂದೆಯೇ ಮೂತ್ರ ಮಾಡುತ್ತಿದೆ. ಮನೆ ಮೈಲಿಗೆಯಾಯಿತು, ಪೂಜೆ ಸಲ್ಲುವುದಿಲ್ಲ ಎಂದು ಅತ್ತೆಯವರು ನೊಂದುಕೊಳ್ಳುತ್ತಾರೆ. ಸಂಜೆ ಮೇಲೆ ಅದಕ್ಕೆ ನೀರು ಇಡುವುದನ್ನು ನಿಲ್ಲಿಸಿದ್ದೇವೆ. ದೇವರಗುಡ್ಡಕ್ಕೆ ಒಯ್ದು ಮಾಲತೇಶನ ಸನ್ನಿಧಿಯಲ್ಲಿ ಬಿಟ್ಟು ಬಂದರೆ ಪುಣ್ಯ ಎಂದು ಹಿರಿಯರೊಬ್ಬರು ಹೇಳಿದರು. ಏನು ಮಾಡಬೇಕು?
— ಓದುಗರೊಬ್ಬರು, ಹಿರೇಕೆರೂರು ತಾಲೂಕು

ಉತ್ತರ: ತಾಯಿ, ಮೊದಲು ನೀರು ಇಡ್ರಿ. ಉಳಿದದ್ದು ಆಮೇಲೆ ಮಾತಾಡೋಣ.

ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಶಿಗ್ಗಾಂವಿ, ಸವಣೂರು, ಹಾನಗಲ್ಲ ಕಡೆಯಿಂದಲೂ ಬಂದಿದೆ. ಒಬ್ಬರಿಗೆ ಹೊಸ ಟೈಲ್ಸ್ ಹಾಳಾದ ಚಿಂತೆ, ಇನ್ನೊಬ್ಬರಿಗೆ ಮಡಿ ಕೆಟ್ಟ ಚಿಂತೆ. ಆದರೆ ಬಿಟ್ಟು ಬರುವ ಮಾತು ನಿಮ್ಮ ಪತ್ರದಲ್ಲಷ್ಟೇ ಇದೆ. ಹಾಗಾಗಿ ನಿಮ್ಮದನ್ನೇ ಮುಂದಿಟ್ಟುಕೊಂಡಿದ್ದೇನೆ.

ನಿಮ್ಮದು ಲಿಂಗ ಕಟ್ಟಿದ ಮನೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಒಪ್ಪಲಿಲ್ಲ. ಹೆತ್ತದ್ದು, ಸತ್ತದ್ದೂ ಸೂತಕವಲ್ಲ ಅಂದ ಧರ್ಮ ಮುದಿ ನಾಯಿಯ ಮೂತ್ರವನ್ನು ಆರನೆಯದಾಗಿ ಸೇರಿಸೀತೇ? ಅದು ಹೊಲಸು ಹೌದು, ತೊಳೀಬೇಕು. ತೊಳೆದ ಮೇಲೆ ಮುಗೀತು. ಇನ್ನು ಮಡಿ ಆಚರಿಸುವ ಮನೆಯವರಿಗೂ ಶಾಸ್ತ್ರ ಕಠಿಣವಾಗಿಲ್ಲ. ಭೂಮಿಯನ್ನು ಶುದ್ಧಿ ಮಾಡಲು ಮನುಸ್ಮೃತಿ ಹೇಳುವುದು ಐದೇ ದಾರಿ: ಗುಡಿಸುವುದು, ಸಾರಿಸುವುದು, ನೀರು ಚಿಮುಕಿಸುವುದು, ಮೇಲಿನ ಮಣ್ಣು ಕೆರೆಯುವುದು, ಆಕಳು ಇರಿಸುವುದು. ನೆಲ ಕೆಡುತ್ತದೆ, ನೆಲ ಶುದ್ಧವೂ ಆಗುತ್ತದೆ ಎಂದು ನಂಬಿದವರು ಬರೆದ ಮಾತು ಅದು. ಕಸಬರಿಗೆಯಿಂದ ಹೋಗುವ ಮೈಲಿಗೆಗೆ ಒಂದು ಜೀವ ಬಲಿ ಯಾಕ್ರಿ?

ದೇವರಗುಡ್ಡದ ಮಾತಿಗೆ ಬರುತ್ತೇನೆ. ಮೈಲಾರಲಿಂಗನಿಗೆ ನಾಯಿ ಪ್ರೀತಿಯದು, ನಿಜ. ಕಂಬಳಿ ತೊಟ್ಟ ಗೊರವಯ್ಯಗಳು ನಾಯಿಯಂತೆ ಬೊಗಳಿ, ದೋಣಿಯಲ್ಲಿ ಹಾಕಿದ ಹಾಲು ಬಾಳೆಹಣ್ಣನ್ನು ಬಾಗಿ ತಿನ್ನುವುದನ್ನು ನಮ್ಮ ಜಿಲ್ಲೆಯವರು ಸಣ್ಣಂದಿನಿಂದ ಕಂಡವರೇ. ಮನುಷ್ಯನೇ ದೇವರ ಮುಂದೆ ನಾಯಿಯಾಗಿ ಮಂಡಿಯೂರುವ ಕ್ಷೇತ್ರ ಅದು. ಅಲ್ಲಿಗೆ ನಾಯಿಯನ್ನು ತಂದು ಎಸೆದು ಹೋಗುವುದು ಸೇವೆಯಲ್ಲ. ಕಣ್ಣು ಮಂಜಾದ, ಪರ ಊರಿನ ನಾಯಿಯನ್ನು ಅಲ್ಲಿಯ ನಾಯಿಗಳು ಒಂದು ರಾತ್ರಿಯೂ ಇರಗೊಡುವುದಿಲ್ಲ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು, ಆದರೆ ನಿಮ್ಮಂಥವರಿಗೆ ಕಾಯ್ದೆ ತೋರಿಸುವ ಮನಸ್ಸು ನನಗಿಲ್ಲ.

ಮಹಾಭಾರತ ತೆಗೀರಿ. ಆರಂಭದಲ್ಲೇ ಒಂದು ನಾಯಿಮರಿ ಬರುತ್ತದೆ. ಜನಮೇಜಯನ ಯಾಗಶಾಲೆಗೆ ಹೋದದ್ದಕ್ಕೆ ಅವನ ತಮ್ಮಂದಿರು ಅದನ್ನು ಹೊಡೆದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ನೋಡಿರಲೂ ಇಲ್ಲ. ತಾಯಿ ಸರಮೆ ಬಂದು, ತಪ್ಪು ಮಾಡದ ಮಗನನ್ನು ಯಾಕೆ ಹೊಡೆದಿರಿ ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಕಾಣದ ಭಯ ನಿಮಗೆ ಬರಲಿ ಎಂದು ಶಪಿಸಿ ಹೋದಳು. ಆ ಶಾಪಕ್ಕೆ ಹೆದರಿದ ರಾಜ ಪರಿಹಾರಕ್ಕಾಗಿ ಪುರೋಹಿತರನ್ನು ಹುಡುಕುತ್ತ ಅಲೆದ. ಕೊನೆಯಲ್ಲಿ ಇನ್ನೊಂದು ನಾಯಿ, ಧರ್ಮರಾಯನ ಹಿಂದೆ ನಡೆದದ್ದು. ಅಲ್ಲಿ ಇಂದ್ರ ಆಡುವ ಮಾತು ಹೆಚ್ಚುಕಡಿಮೆ ನಿಮ್ಮ ಅತ್ತೆಯವರದೇ: ನಾಯಿ ಇದ್ದಲ್ಲಿ ಹೋಮದ ಫಲ ನಿಲ್ಲುವುದಿಲ್ಲ, ಅದನ್ನು ಬಿಡು. ಧರ್ಮರಾಯ ನಾಯಿ ಶುದ್ಧ ಅಂತ ವಾದಕ್ಕೆ ಇಳಿಯಲಿಲ್ಲ, ಇದನ್ನು ಗಮನಿಸ್ರಿ. ನಂಬಿ ಬಂದದ್ದನ್ನು ಕೈಬಿಡುವುದು ಮಹಾಪಾಪ ಅಂದ, ಅಷ್ಟೇ.

ಅತ್ತೆಯವರನ್ನು ಬೈಬೇಡ್ರಿ. ಮೊಣಕಾಲು ನೋವಿನಲ್ಲಿ ದಿನಾ ಜಗಲಿ ಸಾರಿಸೋ ವಯಸ್ಸಿನವರಿಗೆ ಇದು ನಿಜಕ್ಕೂ ಕಷ್ಟ. ಗಂಡನನ್ನು ಕಳಕೊಂಡವರು, ಅವರ ನಾಯಿಯನ್ನೂ ಕಳಕೊಳ್ಳುವ ಮನಸ್ಸು ಅವರಿಗೂ ಇರಲಿಕ್ಕಿಲ್ಲ. ತೊಳೆಯುವ ಕೆಲಸ ಮನೆಯ ಗಂಡಸರು ಹಿಡಿಯಲಿ, ಅರ್ಧ ಮೈಲಿಗೆ ಅಲ್ಲೇ ಕಡಿಮೆಯಾಗುತ್ತದೆ.

ಹೊರಗೆ ಹೋಗುತ್ತಿದ್ದ ನಾಯಿ ಮುದಿತನದಲ್ಲಿ ಇದ್ದಕ್ಕಿದ್ದಂತೆ ಒಳಗೆ ಮಾಡತೊಡಗಿದರೆ ಅದು ಕೊಬ್ಬಲ್ಲ, ಬಹಳ ಸಲ ರೋಗ. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರಬಹುದು. ಇಂಥ ನಾಯಿಗೆ ನೀರಡಿಕೆ ಹೆಚ್ಚು, ನೀರು ತಪ್ಪಿಸಿದರೆ ಜೀವಕ್ಕೇ ಅಪಾಯ. ಅದಕ್ಕೇ ಮೊದಲ ಸಾಲಿನಲ್ಲಿ ಹಾಗೆ ಬರೆದೆ. ತಾಲೂಕಿನ ಪಶು ಆಸ್ಪತ್ರೆಗೆ ಈ ವಾರವೇ ಕರಕೊಂಡು ಹೋಗ್ರಿ. ಬೆಳಗ್ಗೆ ಎದ್ದ ಕೂಡಲೇ, ಉಂಡ ಮೇಲೆ, ಮಲಗುವ ಮುಂಚೆ, ಆದರೆ ನಡುರಾತ್ರಿ ಒಮ್ಮೆ, ಹೊರಗೆ ಕರೆದೊಯ್ಯಿರಿ. ಮಾಡಿದ ಮೇಲೆ ಹೊಡೆಯುವುದು, ಮೂತಿಯನ್ನು ಅದರಲ್ಲೇ ತಿಕ್ಕುವುದು ಬ್ಯಾಡ. ಹೆದರಿದ ನಾಯಿ ಮರೆಯಲ್ಲಿ ಹೋಗಿ ಮಾಡುತ್ತದೆ, ಬುದ್ಧಿ ಕಲಿಯುವುದಿಲ್ಲ.

ನೆಲದ ವಿಷಯ. ಮೊದಲು ಹಳೆ ಬಟ್ಟೆ ಒತ್ತಿ ಹೀರಿಸಿ, ಆಮೇಲೆ ಸಾಬೂನು ನೀರು. ಶಹಾಬಾದ್ ಪರಸಿ ಸುಣ್ಣದ ಕಲ್ಲು, ಅದಕ್ಕೆ ಲಿಂಬೆ, ಹುಣಸೆ, ಆಸಿಡ್ ತಾಗಿಸಬೇಡಿ, ಕಲ್ಲೇ ತಿಂದುಹೋಗುತ್ತದೆ. ಮೂತ್ರದ ಮೇಲೆ ಬ್ಲೀಚಿಂಗ್ ಪುಡಿ ಹಾಕಬಾರದು, ಕೆಟ್ಟ ಹೊಗೆ ಏಳುತ್ತದೆ. ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ಗುಡಿಸಿದರೆ ವಾಸನೆ ಕಡಿಮೆ. ಫಿನಾಯಿಲ್ ನಮ್ಮ ಮೂಗಿಗೆ ಮುಚ್ಚುತ್ತದೆ, ನಾಯಿಯ ಮೂಗಿಗಲ್ಲ. ಶುದ್ಧಿಗೆಂದು ಗೋಮೂತ್ರ ಚಿಮುಕಿಸುವವರು ಅಲ್ಲಿ ಅರಿಶಿನ ನೀರು ಬಳಸಲಿ, ಇಲ್ಲದಿದ್ದರೆ ಆ ವಾಸನೆ ಹಿಡಿದು ನಾಯಿ ಮತ್ತೆ ಅಲ್ಲಿಗೇ ಬಂದೀತು! ಕೈಯಲ್ಲಿ ಗಾಯವಿದ್ದರೆ ಬರಿಗೈಲಿ ಒರೆಸಬ್ಯಾಡ್ರಿ, ಇಲಿಜ್ವರ ನಾಯಿ ಮೂತ್ರದಿಂದಲೂ ಹರಡುತ್ತದೆ.

ಜಗಲಿಗೆ ಅಡ್ಡಲಾಗಿ ಮೊಣಕಾಲೆತ್ತರದ ಹಲಗೆ ಇಡ್ರಿ. ನಾಯಿಗೆ ಹೊರಬಾಗಿಲ ಹತ್ತಿರ ಗೋಣಿಚೀಲ ಹಾಸಿದರೆ ಸಾಕು. ಮಾವನವರ ಹಳೆ ಕಂಬಳಿ ಇದ್ದರೆ ಅದರ ಮೇಲೆ ಹಾಸ್ರಿ, ವಾಸನೆ ಗುರುತು ಹಿಡಿದು ಅಲ್ಲೇ ಮಲಗುತ್ತದೆ.