ಪಾಲಿಗೆ ಬಂದ ಬೊಂಬೆ

ರೋಸ್ಕಾ ದೆ ರೆಯೆಸ್ ಎಂಬುದು ಮೆಕ್ಸಿಕೊದ ಕ್ರೈಸ್ತರು ಜನವರಿ 6ರ ಮೂರು ರಾಜರ ಹಬ್ಬಕ್ಕೆ ಮಾಡುವ ಬಳೆಯಾಕಾರದ ಸಿಹಿ ಕೇಕು. ರಾಜರೆಂದು ಕರೆಸಿಕೊಂಡ ಮೂಡಣ ದೇಶದ ಜೋಯಿಸರು ನಕ್ಷತ್ರದ ಜಾಡು ಹಿಡಿದು ಬಂದು ಬಾಲಯೇಸುವನ್ನು ಕಂಡದ್ದರ ನೆನಪಿಗೆ ಈ ಹಬ್ಬ. ಮೈದಾ, ಮೊಟ್ಟೆ, ಬೆಣ್ಣೆ, ಸಕ್ಕರೆಗೆ ಯೀಸ್ಟ್ ಬೆರೆಸಿ ನಾದಿದ ಕಣಕ ಉಬ್ಬಿದ ಮೇಲೆ ಉದ್ದಕ್ಕೆ ಹೊಸೆದು ತುದಿಗೆ ತುದಿ ಕೂಡಿಸುತ್ತಾರೆ. ಮೇಲೆ ಮೊಟ್ಟೆ ಸವರಿ, ಸಕ್ಕರೆ ಪಾಕದಲ್ಲಿ ಬೆಂದು ಒಣಗಿದ ಅಂಜೂರ, ಕಿತ್ತಳೆ, ಚೆರ್ರಿಗಳನ್ನು ಒತ್ತಿ ಬೇಯಿಸುತ್ತಾರೆ. ಹೊಂಬಣ್ಣದ ಬಳೆ ರಾಜರ ಕಿರೀಟ, ಹಣ್ಣುಗಳು ಅದರ ರತ್ನಗಳು ಎಂಬ ಭಾವನೆ.

ಕೇಕಿನೊಳಗೆ ಹೆಬ್ಬೆರಳಿಗಿಂತ ಚಿಕ್ಕದೊಂದು ಬೊಂಬೆ ಅಡಗಿರುತ್ತದೆ. ಕೊಲ್ಲಲು ಹುಡುಕುತ್ತಿದ್ದ ಹೆರೋದ ರಾಜನ ಕಣ್ತಪ್ಪಿಸಿ ಉಳಿಸಿದ ಶಿಶುಯೇಸುವಿನ ಗುರುತು ಅದು. ಪ್ರತಿಯೊಬ್ಬರೂ ತಮ್ಮ ಪಾಲನ್ನು ತಾವೇ ಕೊಯ್ದುಕೊಳ್ಳುತ್ತಾರೆ. ಚಾಕು ಗಟ್ಟಿಯಾದುದನ್ನು ತಾಕಿದರೆ ಎಲ್ಲರ ಕಣ್ಣೂ ಆ ಕೈಯ ಮೇಲೆ. ಬೊಂಬೆ ಸಿಕ್ಕವರು ಆ ಕೂಸಿನ ಹೊಣೆ ಹೊತ್ತವರೆನಿಸಿ, ಫೆಬ್ರವರಿ 2ರಂದು ಎಲ್ಲರಿಗೂ ತಮಾಲೆ ಬಡಿಸಬೇಕು. ಮೆಕ್ಕೆಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಕಡುಬು ಅದು. ಶಿಶುಯೇಸುವನ್ನು ಜೆರುಸಲೇಮಿನ ದೇವಾಲಯಕ್ಕೆ ಒಯ್ದದ್ದನ್ನು ಸ್ಮರಿಸುವ ದಿನ ಫೆಬ್ರವರಿ 2.

ಬೊಂಬೆಯನ್ನು ಒಬ್ಬರ ಪಾಲಿಗೆ ತರುವುದು ದೈವವೋ, ಬರೀ ಆಕಸ್ಮಿಕವೋ? ಕ್ರೈಸ್ತರಲ್ಲಿ ಈ ಪ್ರಶ್ನೆ ಹಳೆಯದು. ಯೇಸುವಿಗೆ ದ್ರೋಹ ಬಗೆದ ಶಿಷ್ಯ ಯೂದನಿಂದ ತೆರವಾದ ಸ್ಥಾನಕ್ಕೆ ಅಪೊಸ್ತಲರು ಪ್ರಾರ್ಥಿಸಿ, ಚೀಟಿ ಹಾಕಿ ಮತ್ತೀಯನನ್ನು ಆರಿಸಿದರೆಂದು ಬೈಬಲ್ ಹೇಳುತ್ತದೆ. 13ನೇ ಶತಮಾನದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಚೀಟಿಯಲ್ಲಿ ಮೂರು ಬಗೆ ಗುರುತಿಸಿದರು: ಯಾರಿಗೆ ಏನೆಂದು ಹಂಚುವುದು, ಏನು ಮಾಡಬೇಕೆಂದು ಕೇಳುವುದು, ಮುಂದೇನೆಂದು ತಿಳಿಯುವುದು. ಹಂಚುವ ಚೀಟಿಯನ್ನು ಅದೃಷ್ಟಕ್ಕೆ ಬಿಟ್ಟರೆ ಹೆಚ್ಚೆಂದರೆ ಅದು ವ್ಯರ್ಥ ಚಪಲವಾದೀತು ಎಂಬುದು ಅವರ ಮತ. 1619ರಲ್ಲಿ ಇಂಗ್ಲೆಂಡಿನ ಪಾದ್ರಿ ಥಾಮಸ್ ಗಟೇಕರ್, ಚೀಟಿಯ ಫಲವನ್ನು ದೇವರ ವಿಶೇಷ ತೀರ್ಪೆಂದು ತಿಳಿಯಬಾರದೆಂದು ವಾದಿಸಿ ಪುಸ್ತಕವನ್ನೇ ಬರೆದರು.

ಈ ವಾದ ಬಗೆಹರಿಯದಿದ್ದರೂ ರೋಸ್ಕಾದ ಅರ್ಥ ಕೆಡುವುದಿಲ್ಲ. ಬೊಂಬೆ ಯಾರ ಯೋಗ್ಯತೆಯನ್ನೂ ನೋಡಿ ಬರುವುದಿಲ್ಲ. ಕೃಪೆ ಗಳಿಸಿ ಪಡೆಯುವಂಥದ್ದಲ್ಲ ಎಂಬ ಕ್ರೈಸ್ತ ನಂಬಿಕೆಗೆ ಇದು ಹತ್ತಿರದ್ದು. ಗಳಿಸದೆ ಬಂದುದರ ಮೇಲೆ ಜಂಬಕ್ಕೆ ಎಡೆಯಿಲ್ಲ. ‘ಪಾಲಿಗೆ ಬಂದದ್ದು ಪಂಚಾಮೃತ’ ಎಂಬ ಕನ್ನಡದ ಗಾದೆ ಬಂದುದನ್ನು ಮನಸಾರೆ ಸ್ವೀಕರಿಸಲು ಕಲಿಸುತ್ತದೆ; ರೋಸ್ಕಾ ಅಲ್ಲಿಗೇ ನಿಲ್ಲದೆ, ಬಂದುದಕ್ಕೆ ಪ್ರತಿಯಾಗಿ ಇತರರಿಗೆ ಉಣಿಸಲು ಹೇಳುತ್ತದೆ. ದೊಡ್ಡ ರೋಸ್ಕಾಗಳಲ್ಲಿ ಹಲವು ಬೊಂಬೆಗಳಿರುತ್ತವೆ. ಆಗ ಸಿಕ್ಕವರೆಲ್ಲ ಸೇರಿ ಫೆಬ್ರವರಿಯ ಊಟದ ಖರ್ಚು ಹೊರುತ್ತಾರೆ.