ಯಾರ ಬೆನ್ನು, ಯಾರ ಸಹಿ

ನನ್ನ ಬೆನ್ನು ಸೊಟ್ಟಗಿದೆ ಅಂತ ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಹಾಸನದ ನಮ್ಮ ಬೀದಿಯ ಟೈಲರ್. ಲಂಗದ ಬ್ಲೌಸಿಗೆ ಅಳತೆ ತಗೊಳ್ತಾ, 'ಅಮ್ಮಾವ್ರೇ, ಮಗೂದು ಒಂದು ಭುಜ ಮೇಲಿದೆ ನೋಡಿ' ಅಂದ್ರು. ಆಗ ನನಗೆ 13. ಮುಂದಿನ ಎರಡು ವರ್ಷ ಅಮ್ಮ 'ನೆಟ್ಟಗೆ ಕೂತ್ಕೊಳೇ' ಅಂತ ಬೆನ್ನಿಗೆ ಗುದ್ದಿದ್ದೇ ಚಿಕಿತ್ಸೆ. ಸ್ಕೋಲಿಯೋಸಿಸ್ ಕೂರುವ ರೀತಿಯಿಂದಲೋ ಸ್ಕೂಲ್ ಬ್ಯಾಗಿನಿಂದಲೋ ಬರೋದಲ್ಲ, ಹದಿಹರೆಯದವರಲ್ಲಿ ಬಹುಪಾಲು ಕಾರಣವೇ ಗೊತ್ತಾಗೋದಿಲ್ಲ ಅಂತ ನಮಗೆ ತಿಳಿಯುವ ಹೊತ್ತಿಗೆ ಎಕ್ಸ್‌ರೇಯಲ್ಲಿ 46 ಡಿಗ್ರಿ ಬಂದಿತ್ತು. ಬೆಳೆಯುವ ವಯಸ್ಸಿನಲ್ಲಿ 25ರಿಂದ 40ರ ಒಳಗಿದ್ದರೆ ಬ್ರೇಸ್. 45, 50 ದಾಟಿದರೆ ಆಪರೇಷನ್ ಮಾತು: ಬೆನ್ನು ತೆರೆದು, ಮೂಳೆಗಳಿಗೆ ಸ್ಕ್ರೂ ಕೂರಿಸಿ, ರಾಡ್ ಹಾಕಿ, ಒಂದಕ್ಕೊಂದು ಬೆಸೆಯೋದು. ಬೆಸೆದ ಭಾಗ ಮತ್ತೆ ಬಾಗೋದಿಲ್ಲ.

ಡಾಕ್ಟರ ರೂಮಿನಾಚೆ ಅಮ್ಮ ಅಪ್ಪನಿಗೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು: 'ನಾಳೆ ಗಂಡಿನ ಕಡೆಯೋರು ನೋಡೋಕೆ ಬಂದ್ರೆ ಏನ್ ಹೇಳೋದು?' ಅಷ್ಟೇ. ಬೇಡ ಅಂದುಬಿಟ್ಟೆ. 18 ತುಂಬದವಳ ಆಪರೇಷನ್‌ಗೆ ಸಹಿ ಅಪ್ಪ-ಅಮ್ಮನದು, ನಿಜ. ಆದರೆ ಎರಡು ದಿನ ಊಟ ಬಿಟ್ಟ ಮಗಳ ಮುಂದೆ ಅಪ್ಪನ ಪೆನ್ನು ಏಳಲಿಲ್ಲ. ಆಮೇಲೆ ಬೆಂಗಳೂರಿನ ಪಿಜಿಯಲ್ಲಿ, ಆಫೀಸಿನ ಕೆಫೆಟೇರಿಯಾದಲ್ಲಿ ಈ ಕತೆಯನ್ನು ಎಷ್ಟು ಸಲ ಹೆಮ್ಮೆಯಿಂದ ಹೇಳಿದ್ದೀನೋ.

ಈಗ ಅಕ್ಕನ ಮಗಳಿಗೆ 14. ಅವಳದ್ದು 52 ಡಿಗ್ರಿ.

ಸುದ್ದಿ ತಿಳಿದ ದಿನವೇ ಅಕ್ಕನಿಗೆ ಒಂದು ಗಂಟೆ ಭಾಷಣ ಕೊಟ್ಟೆ. ಚಿಕಿತ್ಸೆ ಪಡೆಯದವರನ್ನು 50 ವರ್ಷ ಹಿಂಬಾಲಿಸಿ, ಅಮೆರಿಕದ ಅಯೋವಾದ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ವಾಟ್ಸಾಪ್ ಮಾಡಿದೆ. ಅವರಲ್ಲಿ ಹೆಚ್ಚಿನವರು ಎಲ್ಲರ ಹಾಗೆ ಬದುಕು ನಡೆಸಿದ್ದಾರೆ ಅನ್ನೋ ಕಡೆ ಹಳದಿ ಬಳಿದಿದ್ದೆ. ಬೆನ್ನುನೋವು ಜಾಸ್ತಿ ಇತ್ತು, ರೂಪದ ಬಗ್ಗೆ ಕೊರಗಿತ್ತು ಅನ್ನೋದೂ ಅದರಲ್ಲೇ ಇದೆ. ಅಲ್ಲಿ ಬಳಿದಿರಲಿಲ್ಲ.

ರಾತ್ರಿ ಹುಡುಗಿಯೇ ಫೋನ್ ಮಾಡಿದಳು. 'ಚಿಕ್ಕೀ, ನಂಗೆ ಆಪರೇಷನ್ ಬೇಕು.'

'ಯಾರಾದ್ರೂ ಏನಾದ್ರೂ ಅಂದ್ರಾ?'

'ಯಾರೂ ಏನೂ ಅಂದಿಲ್ಲ. ಸ್ವಿಮ್ಮಿಂಗ್ ಬಿಟ್ಟೆ. ಕನ್ನಡಿ ನೋಡಿದ್ರೆ ನಂಗೇ ಬೇಜಾರು.'

ನೀನು ಇರೋ ಹಾಗೇ ಚೆಂದ ಅಂತ ಶುರು ಮಾಡಿದೆ. ಅವಳು ತಡೆದಳು: 'ನಿಂಗೆ ಬೇಡ ಅನ್ನಿಸ್ತು, ಮಾಡಿಸ್ಲಿಲ್ಲ. ನಂಗೆ ಬೇಕು ಅನ್ಸತ್ತೆ.'

ಉತ್ತರ ಹೊಳೆಯಲಿಲ್ಲ. ಚೆಂದಕ್ಕಾಗಿ ಬೇಕು ಅನ್ನೋದು ಸಣ್ಣ ಕಾರಣವೇ? ಹಲ್ಲಿಗೆ ಕ್ಲಿಪ್ ಹಾಕಿಸುವಾಗ ಯಾರೂ ಇಷ್ಟು ತತ್ವ ಮಾತಾಡಲ್ಲ. ಆದರೆ ಕ್ಲಿಪ್ಪಿನಿಂದ ನರಕ್ಕೆ ಪೆಟ್ಟಾಗುವ ಭಯವಿಲ್ಲ. ಇಲ್ಲಿ ಅದು ಅಪರೂಪವಾದರೂ ಇದ್ದೇ ಇದೆ. ಆ ಕನ್ನಡಿಯಲ್ಲಿ ಅವಳೊಬ್ಬಳೇ ಕಾಣಿಸ್ತಾಳಾ, ಇಲ್ಲಾ ಕ್ಲಾಸಿನವರು, ಇನ್‌ಸ್ಟಾಗ್ರಾಮು, ನಮ್ಮ ಮನೆಯ 'ನೆಟ್ಟಗೆ ಕೂತ್ಕೋ' ಎಲ್ಲ ಸೇರಿ ಕಾಣಿಸ್ತಾರಾ? ಹಾಗಂತ ಅವಳ 'ಬೇಕು' ಅವಳದ್ದಲ್ಲ ಅನ್ನೋದಾದರೆ, ನನ್ನ 'ಬೇಡ'ವೂ ನನ್ನದಾಗಿರಲಿಲ್ಲ. ಬೆನ್ನಿನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಯೋಚಿಸಿದ್ದು ಅಮ್ಮನ ಮೇಲಿನ ಸಿಟ್ಟನ್ನು.

ಈಗ ನನಗೆ 33. ಬೆಳವಣಿಗೆ ನಿಂತ ಮೇಲೂ ದೊಡ್ಡ ಬಾಗು ನಿಧಾನಕ್ಕೆ ಹೆಚ್ಚಬಹುದು. ಹೋದ ವರ್ಷ 53 ತೋರಿಸಿತು. ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಅರ್ಧ ಗಂಟೆ ನೆಲದ ಮೇಲೆ ಮಲಗಬೇಕು. 15ರ ಆ ಹುಡುಗಿ ನನ್ನ ಪರವಾಗಿ ತೀರ್ಮಾನ ಮಾಡಿಬಿಟ್ಟಳಲ್ಲ ಅಂತ ಒಮ್ಮೊಮ್ಮೆ ರೇಗುತ್ತೆ. ಆದರೆ ಅವಳ ಬದಲು ಬೇರೆ ಯಾರು ಮಾಡಬೇಕಿತ್ತು? ಅಮ್ಮನಾ? ಪಶ್ಚಾತ್ತಾಪ ಇದೆಯಾ ಅಂತ ಕೇಳಿದರೆ ಬೆಳಿಗ್ಗೆ ಒಂದು ಉತ್ತರ ಕೊಡ್ತೀನಿ, ಸಂಜೆ ಇನ್ನೊಂದು. ಅದನ್ನೂ ಅವಳಿಗೆ ಹೇಳಿದೆ.

ಮುಂದಿನ ವಾರ ಅಪಾಯಿಂಟ್‌ಮೆಂಟ್. 'ನೀನೂ ಒಳಗೆ ಬಾ ಚಿಕ್ಕಿ, ಆದ್ರೆ ಮಾತಾಡ್ಬೇಡ' ಅಂದಿದ್ದಾಳೆ. ಡಾಕ್ಟರನ್ನು ಕೇಳೋಕೆ ನೋಟ್‌ಬುಕ್ಕಿನಲ್ಲಿ ಹನ್ನೊಂದು ಪ್ರಶ್ನೆ ಬರೆದಿಟ್ಟಿದ್ದಾಳೆ. ಮೊದಲನೇದು: ಮತ್ತೆ ನೀರಿಗಿಳಿಯೋಕೆ ಎಷ್ಟು ತಿಂಗಳು ಬೇಕು?